ಪಟವನ್ನು ಎಲ್ಲಿಯ ವರೆಗೆ ತಿದ್ದಬಹುದು?

ಈ ಸಂಚಿಕೆಯ ಮೊದಲಲ್ಲಿ ನಮ್ಮ ಶಾಲೆಯ ಹತ್ತನೆಯ ತರಗತಿಯ ವಿದ್ಯಾರ್ಥಿನಿಯರ ಸಮೂಹಚಿತ್ರವೊಂದು ಅಚ್ಚಾಗಿದೆ. ಅದನ್ನು ನೋಡಿದ ವಾಚಕರಲ್ಲಿ ಕೆಲವರಿಗೆ ಅದು ಅಷ್ಟೇನೂ ಅಚ್ಚುಕಟ್ಟಾಗಿ ತೋರಲಾರದು. ಎಡಗಡೆಯ ಅಂಚಿನಲ್ಲಿ ಯಾರದೋ ಸೈಕಲ್ಲಿನ ಚಕ್ರವೊಂದು ಇಣುಕಿದೆ. ಹಿಂದಿನ ಸಾಲಿನ ಒಬ್ಬ ಹುಡುಗಿಯ ಜಡೆಯ ರಿಬ್ಬನ್ನು ಗಾಳಿಗೆ ಹಾರಿ ಪಕ್ಕದವಳ ಭುಜದ ಮೇಲೆ ಬಿದ್ದಿದೆ. ಮೇಲಿನ ಮೂಲೆಯಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ ಒಬ್ಬಳ ಮುಖ ಮಾತ್ರ ಪ್ರತ್ಯೇಕವಾಗಿ ಕಾಣುತ್ತದೆ. ಇದು ವೃತ್ತಿಯವರು ತೆಗೆದ ಪಟವಲ್ಲ. ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ತನ್ನ ಚಿಕ್ಕಪ್ಪನಿಂದ ಬಂದ ಹಳೆಯ ಕೆಮರಾದಿಂದ ತೆಗೆದುದು. ಸ್ಟುಡಿಯೋದವರು ತೆಗೆದ ಪಟವು ಕೈಯಲ್ಲಿರುವಾಗ ಅದನ್ನು ಬಿಟ್ಟು ಇದನ್ನು ಆರಿಸಿದ್ದೇಕೆಂದು ಅನೇಕರು ಕೇಳಿದ್ದಾರೆ. ಸಂಚಿಕೆಯ ಸಮಿತಿಯಲ್ಲಿಯೇ ಈ ವಿಷಯವಾಗಿ ಎರಡು ಅಭಿಪ್ರಾಯಗಳಿದ್ದುವು. ಆದುದರಿಂದ ನಮ್ಮ ಪಕ್ಷವನ್ನು ಇಲ್ಲಿ ಬಿಡಿಸಿ ಹೇಳುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ನಡೆದ ಸಂಗತಿಯು ಚಿಕ್ಕದು. ಸ್ಟುಡಿಯೋದಿಂದ ಪ್ರಿಂಟುಗಳು ಬಂದ ದಿನ ಹುಡುಗಿಯರೆಲ್ಲರೂ ಮೇಜಿನ ಸುತ್ತ ನೆರೆದು ತಮ್ಮ ತಮ್ಮ ಮುಖಗಳನ್ನು ಹುಡುಕತೊಡಗಿದರು. ಪಟವು ನುಣುಪಾಗಿತ್ತು, ಹೊಳಪಾಗಿತ್ತು. ಆದರೆ ಅದರಲ್ಲಿದ್ದ ನಾಲ್ವತ್ತೈದು ಮುಖಗಳಿಗೂ ಒಂದೇ ಬಣ್ಣ. ಎಣ್ಣೆಗಪ್ಪಿನವಳು, ಗೋಧಿಬಣ್ಣದವಳು, ಕೆಂಪಗಿನವಳು ಎಂಬ ಭೇದವಿಲ್ಲದೆ ಎಲ್ಲರಿಗೂ ಒಂದೇ ಕುಂಚದಿಂದ ಸುಣ್ಣ ಬಳಿದಂತೆ ತೋರುತ್ತಿತ್ತು. ಒಬ್ಬಳ ಗಲ್ಲದ ಮೇಲಿನ ಮಚ್ಚೆ ಮಾಯವಾಗಿತ್ತು. ಇನ್ನೊಬ್ಬಳ ಹಣೆಯ ಮೇಲೆ ಬಾಲ್ಯದಲ್ಲಿ ಬಿದ್ದು ಆದ ಗಾಯದ ಗುರುತು ಅಳಿದುಹೋಗಿತ್ತು. ಎರಡನೆಯ ಸಾಲಿನ ಒಬ್ಬ ಹುಡುಗಿಯು ಬಹಳ ಹೊತ್ತು ನೋಡಿ, ಕೊನೆಗೆ ಒಂದು ಮುಖದ ಮೇಲೆ ಬೆರಳಿಟ್ಟು, “ಟೀಚರ್, ಇದು ನಾನೇ ಅಲ್ಲವೆ?” ಎಂದು ಕೇಳಿದಳು. ಅವಳ ದನಿಯಲ್ಲಿ ದೂರು ಇರಲಿಲ್ಲ, ಸಂತೋಷವೂ ಇರಲಿಲ್ಲ. ತನ್ನನ್ನು ತಾನೇ ಗುರುತಿಸಲಾರದ ಒಂದು ಸಂಶಯ ಮಾತ್ರ ಇತ್ತು. ಆ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ಪಟವನ್ನು ತಿದ್ದಲೇಬಾರದೆಂದು ನಾವು ಹೇಳುವುದಿಲ್ಲ. ಹಾಗೆ ಹೇಳುವವರು ಛಾಯಾಗ್ರಹಣದ ಚರಿತ್ರೆಯನ್ನು ತಿಳಿಯದವರು. ಈ ವಿದ್ಯೆಯು 1839ರಲ್ಲಿ ಲೋಕಕ್ಕೆ ಪ್ರಕಟವಾದ ಸ್ವಲ್ಪ ಕಾಲದಲ್ಲಿಯೇ ತಿದ್ದುವ ವಿದ್ಯೆಯೂ ಅದರ ಬೆನ್ನ ಹಿಂದೆ ಬಂದಿತು. ಆಗಿನ ಗಾಜಿನ ತಟ್ಟೆಗಳಿಗೆ ನೀಲಿಯ ಬೆಳಕು ಬಹಳ ಬೇಗ ತಾಗುತ್ತಿದ್ದುದರಿಂದ, ಕಡಲನ್ನು ಸರಿಯಾಗಿ ಹಿಡಿದರೆ ಆಕಾಶವು ಬರಿಯ ಬಿಳಿಯ ಕಾಗದವಾಗುತ್ತಿತ್ತು. ಆಕಾಶದ ಮೇಘಗಳನ್ನು ಹಿಡಿದರೆ ಕಡಲು ಕಪ್ಪಾಗುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲ ಗ್ರೇ ಎಂಬಾತನು 1850ರ ದಶಕದಲ್ಲಿ ಕಡಲಿಗೊಂದು, ಆಕಾಶಕ್ಕೊಂದು ನೆಗೆಟಿವ್ ತೆಗೆದು ಎರಡನ್ನೂ ಒಂದೇ ಕಾಗದದ ಮೇಲೆ ಇಳಿಸಿ ಪ್ರಸಿದ್ಧನಾದನು. ಆತನು ಮಾಡಿದುದು ಮೋಸವೆ? ಕಣ್ಣಿಗೆ ಏಕಕಾಲದಲ್ಲಿ ಕಾಣುವ ಎರಡು ವಸ್ತುಗಳನ್ನು ತಟ್ಟೆಯು ಏಕಕಾಲದಲ್ಲಿ ಕಾಣಲಾರದೆ ಹೋಯಿತು; ಆ ಕುಂದನ್ನು ಆತನು ತುಂಬಿಕೊಟ್ಟನು. ಇದು ತಟ್ಟೆಯ ದೋಷದ ಪರಿಹಾರವೇ ಹೊರತು ಕಡಲಿನ ತಿದ್ದುಪಡಿಯಲ್ಲ.

ಈ ಭೇದವನ್ನೇ ನಾವು ನಮ್ಮ ಸೂತ್ರವಾಗಿ ಇಟ್ಟುಕೊಂಡಿದ್ದೇವೆ. ಕೆಮರಾದ ದೋಷವನ್ನು ಎಷ್ಟು ಬೇಕಾದರೂ ತಿದ್ದಬಹುದು. ಕೆಮರಾದ ಎದುರಿಗೆ ಇದ್ದವರನ್ನು ತಿದ್ದಬಾರದು. ಹವ್ಯಾಸಿಯಾದವಳು ಹೂವನ್ನು ತೆಗೆಯಲಿ, ಕಟ್ಟಡವನ್ನು ತೆಗೆಯಲಿ, ಓಟದ ಪಂದ್ಯವನ್ನು ತೆಗೆಯಲಿ, ಮನುಷ್ಯರ ಮುಖವನ್ನು ತೆಗೆಯಲಿ, ಈ ಒಂದು ಸೂತ್ರವು ಎಲ್ಲ ಕಡೆಗೂ ಅನ್ವಯಿಸುತ್ತದೆ. ಅನ್ವಯಿಸುವ ರೀತಿ ಮಾತ್ರ ವಿಷಯದಿಂದ ವಿಷಯಕ್ಕೆ ಬೇರೆಯಾಗುತ್ತದೆ.

ಮೊದಲು ಕಟ್ಟಡವನ್ನೇ ತೆಗೆದುಕೊಳ್ಳೋಣ. ನಮ್ಮ ದೇವಾಲಯದ ಗೋಪುರವನ್ನು ಪೂರ್ತಿಯಾಗಿ ಹಿಡಿಯಬೇಕೆಂದು ಹುಡುಗಿಯರು ಹತ್ತಿರ ನಿಂತು ಕೆಮರಾವನ್ನು ಮೇಲಕ್ಕೆ ಎತ್ತುತ್ತಾರೆ. ಪಟದಲ್ಲಿ ಗೋಪುರವು ಹಿಂದಕ್ಕೆ ಬೀಳುವಂತೆ ವಾಲುತ್ತದೆ. ಕಟ್ಟಿದ ಮೇಸ್ತ್ರಿಯ ತಪ್ಪು ಅದಲ್ಲ, ಕೆಮರಾ ಎತ್ತಿದ್ದರ ಫಲ. ದೂರ ಹೋಗಿ ನಿಂತು ಕೆಮರಾವನ್ನು ನೆಟ್ಟಗೆ ಹಿಡಿಯುವುದು ಉತ್ತಮ. ಸ್ಥಳವಿಲ್ಲದಿದ್ದರೆ ಕಂಪ್ಯೂಟರಿನಲ್ಲಿ ಆ ಗೆರೆಗಳನ್ನು ನೇರ ಮಾಡುವುದರಲ್ಲಿ ಯಾವ ಪಾಪವೂ ಇಲ್ಲ. ಆದರೆ ದೇವಾಲಯದ ಮುಂದೆ ಹಾದುಹೋಗಿರುವ ವಿದ್ಯುತ್ತಿನ ತಂತಿಯನ್ನು ಅಳಿಸುವುದು ಬೇರೆಯ ಮಾತು. ತಂತಿಯು ಅಲ್ಲಿ ಇದೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಅದು ಮರೆಯಾಗುವುದಾದರೆ ಸರಿಯೋಣ. ಇಲ್ಲದಿದ್ದರೆ ಅದು ಇರಲಿ. ಅಂಗಳದಲ್ಲಿ ಬಿದ್ದ ಕಾಗದದ ಚೂರನ್ನು ಪಟದಿಂದ ತೆಗೆಯುವುದಕ್ಕಿಂತ ಅಂಗಳದಿಂದಲೇ ತೆಗೆಯುವುದು ಸುಲಭವೂ ಹೌದು, ಪ್ರಯೋಜನಕರವೂ ಹೌದು.

ಆಟದ ಮೈದಾನದಲ್ಲಿ ಕಾಲವೇ ಮುಖ್ಯ. ಓಡುವ ಹುಡುಗಿಯ ಕಾಲು ನೆಲ ಬಿಟ್ಟ ಕ್ಷಣವನ್ನು ಹಿಡಿಯಬೇಕಾದರೆ ಷಟರು ಸೆಕೆಂಡಿನ 1/500 ಭಾಗದಷ್ಟೋ ಅದಕ್ಕಿಂತ ಕಡಮೆಯಾಗಿಯೋ ತೆರೆದಿರಬೇಕು. ಸಂಜೆಯ ಬೆಳಕಿನಲ್ಲಿ ಹಾಗೆ ಮಾಡಿದರೆ ಪಟವು ಕಪ್ಪಾಗುತ್ತದೆ; ಕೆಮರಾದ ಸೂಕ್ಷ್ಮತೆಯನ್ನು ಹೆಚ್ಚಿಸಿದರೆ ರವೆ ಚೆಲ್ಲಿದಂತೆ ಕಣಕಣವಾಗಿ ಕಾಣುತ್ತದೆ. ಆ ಕಣಗಳನ್ನು ಸ್ವಲ್ಪ ಮೆದು ಮಾಡಬಹುದು. ಅದಕ್ಕೆ ಪ್ರತಿಯಾಗಿ, ಮಳೆಗಾಲದ ಝರಿಯ ಪಟಕ್ಕೆ ಕೆಮರಾವನ್ನು ಕಲ್ಲಿನ ಮೇಲೆ ಅಲುಗದಂತೆ ಇಟ್ಟು ಸೆಕೆಂಡಿನ ಕಾಲುಭಾಗ ತೆರೆದರೆ ನೀರು ಹಾಲಿನ ಎಳೆಯಂತೆ ಬರುತ್ತದೆ. ಕಣ್ಣಿಗೆ ನೀರು ಹಾಗೆ ಕಾಣುವುದಿಲ್ಲವೆಂದು ಯಾರಾದರೂ ಆಕ್ಷೇಪಿಸಬಹುದು. ನಿಜ, ಸೆಕೆಂಡಿನ 1/500 ಭಾಗದಲ್ಲಿ ಗಾಳಿಯಲ್ಲಿ ನಿಂತ ಹುಡುಗಿಯೂ ಕಣ್ಣಿಗೆ ಹಾಗೆ ಕಾಣುವುದಿಲ್ಲ. ಆದರೆ ಎರಡು ಪಟಗಳಲ್ಲಿಯೂ ಇರುವುದು ಅಲ್ಲಿ ನಡೆದುದೇ. ಎಷ್ಟು ಹೊತ್ತು ನೋಡಬೇಕೆಂಬುದು ಛಾಯಾಗ್ರಾಹಕಿಯ ಸ್ವಾತಂತ್ರ್ಯ. ನಡೆಯದುದನ್ನು ತೋರಿಸುವುದು ಆ ಸ್ವಾತಂತ್ರ್ಯದಲ್ಲಿ ಸೇರಿಲ್ಲ.

ತಿದ್ದದೆ ಇದ್ದ ಮಾತ್ರಕ್ಕೆ ಪಟವು ಸತ್ಯವಾಗುವುದೆಂದೂ ತಿಳಿಯಬಾರದು. 1917ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ಕಾಟಿಂಗ್ಲಿ ಎಂಬ ಗ್ರಾಮದಲ್ಲಿ 16 ವರ್ಷದ ಎಲ್ಸಿ ರೈಟ್, ಅವಳ ಬಂಧುವಾದ 9 ವರ್ಷದ ಫ್ರಾನ್ಸಿಸ್ ಗ್ರಿಫಿತ್ಸ್ ಎಂಬ ಇಬ್ಬರು ಹುಡುಗಿಯರು ಹಳ್ಳದ ದಂಡೆಯಲ್ಲಿ ಕುಣಿಯುವ ಯಕ್ಷಿಣಿಯರ ಪಟ ತೆಗೆದರು. ಷರ್ಲಾಕ್ ಹೋಮ್ಸನ ಕಥೆಗಳನ್ನು ಬರೆದ ಸರ್ ಆರ್ಥರ್ ಕಾನನ್ ಡಾಯಲ್ ಅವರೇ ಅದನ್ನು ನಂಬಿ 1920ರಲ್ಲಿ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಯಕ್ಷಿಣಿಯರು ಕಾಗದದಲ್ಲಿ ಬರೆದು ಕತ್ತರಿಸಿ, ಟೋಪಿಯ ಸೂಜಿಗಳಿಂದ ನಿಲ್ಲಿಸಿದ ಬೊಂಬೆಗಳೆಂದು ಆ ಇಬ್ಬರೂ ಒಪ್ಪಿಕೊಂಡುದು 1983ರಲ್ಲಿ, ಮುದುಕಿಯರಾದ ಮೇಲೆ. ಹುಡುಗಾಟಕ್ಕೆ ಆಡಿದ ಒಂದು ಸುಳ್ಳನ್ನು 66 ವರ್ಷ ಹೊತ್ತು ತಿರುಗಬೇಕಾಯಿತು. ಆ ಹುಡುಗಿಯರು ನೆಗೆಟಿವನ್ನು ತಿದ್ದಿರಲಿಲ್ಲ. ಸುಳ್ಳು ಲೆನ್ಸಿನ ಮುಂದೆಯೇ ನಿಂತಿತ್ತು.

ಹೂವು ಹಕ್ಕಿಗಳ ಪಟ ತೆಗೆಯುವ ನಮ್ಮ ಹುಡುಗಿಯರು ಇದನ್ನು ವಿಶೇಷವಾಗಿ ನೆನಪಿಡಬೇಕು. ದಾಸವಾಳದ ಎಸಳಿಗೆ ನೀರು ಸಿಂಪಡಿಸಿ ಬೆಳಗಿನ ಹಿಮಬಿಂದುವೆಂದು ಹೆಸರಿಡುವವರುಂಟು. ಚಿಟ್ಟೆಯು ಅಲುಗದಿರಲೆಂದು ಅದನ್ನು ತಂಗಳುಪೆಟ್ಟಿಗೆಯಲ್ಲಿಟ್ಟು ಜಡಗೊಳಿಸುವ ನಿರ್ದಯರೂ ಉಂಟು. ಗೂಡಿನ ಪಟಕ್ಕಾಗಿ ಅಡ್ಡ ಬಂದ ಎಲೆಕೊಂಬೆಗಳನ್ನು ಕತ್ತರಿಸಿದರೆ ಮರಿಗಳು ಬಿಸಿಲಿಗೂ ಕಾಗೆಗಳ ಕಣ್ಣಿಗೂ ಗುರಿಯಾಗುತ್ತವೆ. ಇಂಥ ಪಟವು ಎಷ್ಟು ಸುಂದರವಾಗಿದ್ದರೂ ಅದನ್ನು ತೆಗೆಯದಿರುವುದೇ ಮೇಲು. ಚಿಟ್ಟೆಯ ಪಟ ಬೇಕಾದವಳು ಬೆಳಗ್ಗೆ ಬಿಸಿಲೇರುವ ಮುನ್ನ ಏಳಲಿ. ತಂಪಿನ ಹೊತ್ತಿನಲ್ಲಿ ಅದು ತಾನಾಗಿಯೇ ಅಲುಗದೆ ಕುಳಿತಿರುತ್ತದೆ.

ಇನ್ನು ಮುಖದ ವಿಷಯಕ್ಕೆ ಬರೋಣ. ಕಪ್ಪು ಮೈಬಣ್ಣದವರ ವಿಷಯದಲ್ಲಿ ಕೆಮರಾವು ಮೊದಲಿನಿಂದಲೂ ಅನ್ಯಾಯ ಮಾಡುತ್ತ ಬಂದಿದೆಯೆಂಬುದನ್ನು ನಾವು ಮರೆಯಬಾರದು. ಹಳೆಯ ತಟ್ಟೆಗಳಿಗೆ ಕೆಂಪು ಬೆಳಕು ತಾಗುತ್ತಿರಲಿಲ್ಲವಾದುದರಿಂದ ಕಂದು ಮುಖವು ಇದ್ದುದಕ್ಕಿಂತ ಕಪ್ಪಾಗಿ ಬರುತ್ತಿತ್ತು; ಸ್ಟುಡಿಯೋದವರು ನೆಗೆಟಿವಿನ ಮೇಲೆ ಪೆನ್ಸಿಲಿನಿಂದ ಟಚ್ಚಿಂಗ್ ಮಾಡಿ ಅದನ್ನು ತಿಳಿಗೊಳಿಸುತ್ತಿದ್ದರು. ಮುಂದೆ ಬಣ್ಣದ ಫಿಲ್ಮು ಬಂದಾಗ, ಬಣ್ಣಗಳು ಸರಿಯಾಗಿವೆಯೇ ಎಂದು ಪರೀಕ್ಷಿಸಲು ಅಮೆರಿಕೆಯ ಕಂಪೆನಿಯು ಪ್ರಿಂಟು ಹಾಕುವವರಿಗೆ ಕಳುಹಿಸುತ್ತಿದ್ದ ಮಾದರಿ ಚೀಟಿಯಲ್ಲಿ ಬಿಳಿಯ ಹೆಂಗಸೊಬ್ಬಳ ಚಿತ್ರವೇ ಇರುತ್ತಿತ್ತು. ಅವಳ ಮುಖ ಸರಿಯಾಗಿ ಬಂದರೆ ಸಾಕು, ಲೋಕದ ಮುಖಗಳೆಲ್ಲ ಸರಿಯೆಂದು ಲೆಕ್ಕ. ಕಂದು ಬಣ್ಣದ ಛಾಯೆಗಳು ಸರಿಯಾಗಿ ಬರುತ್ತಿಲ್ಲವೆಂದು ಮರದ ಸಾಮಾನು ಮಾಡುವವರೂ ಚಾಕಲೇಟು ಮಾಡುವವರೂ ದೂರಿಕೊಂಡುದು ಆ ಫಿಲ್ಮಿನ ಸುಧಾರಣೆಗೆ ಒಂದು ಕಾರಣವಾಯಿತೆಂದು ಅಲ್ಲಿ ಕೆಲಸ ಮಾಡಿದವರೇ ಹೇಳಿದ್ದಾರೆ. ಮೇಜುಕುರ್ಚಿಗಳ ಬಣ್ಣಕ್ಕೆ ದೊರೆತ ಮರ್ಯಾದೆ ಮನುಷ್ಯರ ಬಣ್ಣಕ್ಕೆ ಅಷ್ಟು ಬೇಗ ದೊರೆಯಲಿಲ್ಲ.

ಇಂದಿನ ಕೆಮರಾದಲ್ಲಿಯೂ ಈ ತೊಡಕು ಬೇರೊಂದು ರೂಪದಲ್ಲಿ ಉಳಿದಿದೆ. ಅದು ಎದುರಿನಿಂದ ಬರುವ ಬೆಳಕನ್ನೆಲ್ಲ ಸರಾಸರಿ ಮಾಡಿ, ಲೋಕವೆಲ್ಲ ನಡುಬೂದಿಯ ಬಣ್ಣದ್ದೆಂದು ಭಾವಿಸಿ ಲೆಕ್ಕ ಹಾಕುತ್ತದೆ. ಬಿಳಿಯ ಸಮವಸ್ತ್ರದ ನಾಲ್ವತ್ತೈದು ಹುಡುಗಿಯರು ಸುಣ್ಣದ ಗೋಡೆಯ ಮುಂದೆ ನಿಂತರೆ ಬೆಳಕು ಹೆಚ್ಚಾಯಿತೆಂದು ತಿಳಿದು ಅದನ್ನು ಕಡಮೆ ಮಾಡುತ್ತದೆ. ಆಗ ಮುಖಗಳು ಕಪ್ಪಾಗುತ್ತವೆ. ದೋಷವು ಹುಡುಗಿಯರ ಮುಖದ್ದಲ್ಲ, ಲೆಕ್ಕದ್ದು. ಸ್ಟುಡಿಯೋದವರು ಈ ಲೆಕ್ಕವನ್ನು ತಿದ್ದುವುದನ್ನು ಬಿಟ್ಟು ಮುಖಗಳನ್ನು ತಿದ್ದಿದರು.

ನಮ್ಮ ಹವ್ಯಾಸಿ ಹುಡುಗಿ ಮಾಡಿದುದು ಇಷ್ಟು. ಗೋಡೆಯ ಬಿಳುಪು ಬೇಡವೆಂದು ಎಲ್ಲರನ್ನೂ ಕಟ್ಟಡದ ನೆರಳಿಗೆ ಕರೆತಂದು, ತೆರೆದ ಆಕಾಶದ ಬೆಳಕು ಮುಖಗಳ ಮೇಲೆ ಸಮನಾಗಿ ಬೀಳುವಂತೆ ನಿಲ್ಲಿಸಿದಳು. ಕೆಮರಾವು ಹೇಳಿದುದಕ್ಕಿಂತ ಒಂದು ಪಟ್ಟು ಹೆಚ್ಚು ಬೆಳಕು ಕೊಟ್ಟಳು. ಇಷ್ಟು ಜನರಲ್ಲಿ ಯಾರಾದರೊಬ್ಬರು ಕಣ್ಣು ಮುಚ್ಚುವುದು ಸಹಜವೆಂದು ಹನ್ನೊಂದು ಬಾರಿ ತೆಗೆದಳು. ಹನ್ನೊಂದರಲ್ಲಿ ಒಂದರಲ್ಲಿ ಮಾತ್ರ ಎಲ್ಲರ ಕಣ್ಣುಗಳೂ ತೆರೆದಿದ್ದುವು; ರಿಬ್ಬನ್ನು ಹಾರಿದ್ದೂ ಅದರಲ್ಲಿಯೇ. ಆಮೇಲೆ ಕಂಪ್ಯೂಟರಿನಲ್ಲಿ ನೆರಳಿನ ಭಾಗವನ್ನು ಸ್ವಲ್ಪ ಎತ್ತಿದಳು, ನೀಲಿಯ ಛಾಯೆಯನ್ನು ತಗ್ಗಿಸಿದಳು. ಎಷ್ಟು ಎತ್ತಬೇಕೆಂಬುದಕ್ಕೆ ಅವಳು ಕಂಡುಕೊಂಡ ಉಪಾಯವು ನಮಗೆ ಬಹಳ ಮೆಚ್ಚುಗೆಯಾಯಿತು: ತರಗತಿಯ ಮೂವರು ಹುಡುಗಿಯರನ್ನು ಕರೆದು ಪರದೆಯ ಪಕ್ಕದಲ್ಲಿ ಕೂರಿಸಿ, ಪಟವನ್ನೂ ಮುಖವನ್ನೂ ಜೊತೆಯಾಗಿ ನೋಡಿ ಹೋಲಿಸಿದಳು. ಇದಕ್ಕಿಂತ ಒಳ್ಳೆಯ ಮಾದರಿ ಚೀಟಿ ಯಾವುದು?

ಸಮಿತಿಯಲ್ಲಿ ನಮಗೆ ಎದುರಾಗಿ ಬಂದ ಮಾತುಗಳನ್ನೂ ಇಲ್ಲಿ ಹೇಳುವುದು ನ್ಯಾಯ. ಮೊದಲನೆಯದು, ಹುಡುಗಿಯರ ತಾಯಂದಿರೇ ಬೆಳ್ಳಗಿನ ಪಟವನ್ನು ಬಯಸುತ್ತಾರೆ, ನಾಳೆ ಮದುವೆಯ ಮಾತುಕತೆಗೆ ಇದೇ ಪಟ ಹೋಗಬಹುದು ಎಂಬುದು. ಆ ತಾಯಂದಿರ ಕಳವಳವನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಮಗಳನ್ನು ನೋಡಬಂದವರು ಬಣ್ಣದ ಮಾತೆತ್ತಿ ಹಿಂದಿರುಗಿದ ಮನೆಗಳು ನಮ್ಮ ಸುತ್ತ ಇವೆ. ಆದರೆ ಪಟವನ್ನು ನೋಡಿ ಬಂದವರು ಕೊನೆಗೆ ಹುಡುಗಿಯನ್ನು ನೋಡಲೇಬೇಕಷ್ಟೆ? ಆಗ ಪಟವೇ ಅವಳ ಮೇಲೆ ದೂರು ಹೇಳುತ್ತದೆ. ಅದಕ್ಕಿಂತಲೂ ದೊಡ್ಡ ಹಾನಿಯೆಂದರೆ, ಅವಳು ಓದಿದ ಶಾಲೆಯೇ “ನೀನು ಇರುವಂತೆ ನಮ್ಮ ಪುಸ್ತಕದಲ್ಲಿ ನಿಲ್ಲಲು ತಕ್ಕವಳಲ್ಲ” ಎಂದು ಅವಳಿಗೆ ಬಾಯಿಬಿಡದೆ ಹೇಳಿದಂತಾಗುತ್ತದೆ. ಪ್ರತಿದಿನ ಬೆಳಗ್ಗೆ ಪ್ರಾರ್ಥನೆಯಲ್ಲಿ ದೇವರೇ ನಮ್ಮೆಲ್ಲರನ್ನು ಉಂಟುಮಾಡಿದನೆಂದು ಹೇಳಿಸಿ, ಮಧ್ಯಾಹ್ನ ಆತನ ಕೆಲಸಕ್ಕೆ ಟಚ್ಚಿಂಗ್ ಮಾಡಿಸುವುದು ನಮ್ಮ ಶಾಲೆಗೆ ಶೋಭಿಸುವುದಿಲ್ಲ.

ಎರಡನೆಯದು, ತಿದ್ದುವುದೆಲ್ಲ ಒಂದೇ, ಮೇರೆ ಎಳೆಯುವುದು ಅಸಾಧ್ಯ ಎಂಬುದು. ಮೇರೆಯು ಕಷ್ಟವೇ ಹೊರತು ಅಸಾಧ್ಯವಲ್ಲ. ವರ್ಲ್ಡ್ ಪ್ರೆಸ್ ಫೋಟೋ ಎಂಬ ಅಂತರರಾಷ್ಟ್ರೀಯ ಸ್ಪರ್ಧೆಯವರು 2010ರಲ್ಲಿ ಒಂದು ಬಹುಮಾನವನ್ನು ಹಿಂದಕ್ಕೆ ತೆಗೆದುಕೊಂಡರು. ಆ ಪಟವನ್ನು ತೆಗೆದಾತನು ಬಣ್ಣವನ್ನು ಕಪ್ಪುಬಿಳುಪು ಮಾಡಿದ್ದನು, ಸುತ್ತಲಿನ ಬಹುಭಾಗವನ್ನು ಕತ್ತರಿಸಿ ಬಿಟ್ಟಿದ್ದನು. ಅದನ್ನು ಯಾರೂ ತಪ್ಪೆನ್ನಲಿಲ್ಲ. ಹಿನ್ನೆಲೆಯಲ್ಲಿ ಇಣುಕುತ್ತಿದ್ದ ಯಾರದೋ ಪಾದದ ಒಂದು ಚಿಕ್ಕ ಭಾಗವನ್ನು ಅಳಿಸಿದ್ದನು. ಅದಕ್ಕೆ ಬಹುಮಾನ ಹೋಯಿತು. ನಮ್ಮ ಪಟದಲ್ಲಿ ಸೈಕಲ್ಲಿನ ಚಕ್ರ ಉಳಿದಿರುವುದಕ್ಕೂ ಇದೇ ಕಾರಣ. ಅಂಚನ್ನು ಕತ್ತರಿಸೋಣವೆಂದರೆ ಕೊನೆಯ ಹುಡುಗಿಯ ಮೊಣಕೈ ಹೋಗುತ್ತಿತ್ತು. ಆದುದರಿಂದ ಚಕ್ರವೂ ಸಂಚಿಕೆಯಲ್ಲಿ ಸ್ಥಾನ ಪಡೆಯಿತು. ಮುಖದ ವಿಷಯದಲ್ಲಿ ಹವ್ಯಾಸಿಗಳು ಬಳಸಬಹುದಾದ ಒಂದು ಸುಲಭವಾದ ಅಳತೆಯುಂಟು: ಹದಿನೈದು ದಿನಗಳಲ್ಲಿ ತಾನಾಗಿ ಹೋಗುವ ಮೊಡವೆಯನ್ನು ಅಳಿಸಿದರೆ ದೋಷವಿಲ್ಲ, ಹುಡುಗಿಯ ಜೊತೆಗೆ ಬಾಳುವ ಮಚ್ಚೆ, ಗಾಯದ ಗುರುತು, ಹಲ್ಲಿನ ಸಂದು, ಮೈಬಣ್ಣ, ಇವುಗಳನ್ನು ಮುಟ್ಟಬಾರದು.

ಮೂರನೆಯದು, ಹವ್ಯಾಸಿಯ ಕೈಗೆ ಸಂಚಿಕೆಯ ಮುಖ್ಯ ಪುಟವನ್ನು ಕೊಡಬಾರದೆಂಬುದು. ಇದಕ್ಕೆ ಜೂಲಿಯಾ ಮಾರ್ಗರೆಟ್ ಕ್ಯಾಮರನ್ ಅವರೇ ಉತ್ತರ. 1815ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಈ ಮಹಿಳೆಗೆ 1863ರಲ್ಲಿ, ತಮ್ಮ 48ನೆಯ ವಯಸ್ಸಿನಲ್ಲಿ, ಮಗಳು ಅಳಿಯಂದಿರು ಕೆಮರಾವೊಂದನ್ನು ಕಾಣಿಕೆಯಾಗಿ ಕೊಟ್ಟರು. ಇಂಗ್ಲೆಂಡಿನ ವೈಟ್ ದ್ವೀಪದಲ್ಲಿದ್ದ ತಮ್ಮ ಮನೆಯ ಕೋಳಿಗೂಡನ್ನು ಸ್ಟುಡಿಯೋ ಮಾಡಿಕೊಂಡು, ಕಲ್ಲಿದ್ದಲಿನ ಕೋಣೆಯನ್ನು ಕತ್ತಲೆಕೋಣೆ ಮಾಡಿಕೊಂಡು ಅವರು ಕೆಲಸಕ್ಕೆ ತೊಡಗಿದರು. ಚಿತ್ರಗಳು ಮಸುಕಾಗಿವೆ, ತಟ್ಟೆಗಳ ಮೇಲೆ ಗೀರುಗಳೂ ಕಲೆಗಳೂ ಇವೆಯೆಂದು ಅಂದಿನ ಪಂಡಿತರು ಹಳಿದರು. ಆದರೆ ಕವಿ ಟೆನಿಸನ್, ವಿಜ್ಞಾನಿ ಹರ್ಷಲ್ ಅವರ ಮುಖಗಳನ್ನು ಹೇಗೋ, ತಮ್ಮ ಮನೆಯ ಕೆಲಸದ ಹುಡುಗಿ ಮೇರಿ ಹಿಲಿಯರಳ ಮುಖವನ್ನೂ ಹಾಗೆಯೇ ಅಷ್ಟೇ ಗೌರವದಿಂದ ಅವರು ನೋಡಿದರು. ತಟ್ಟೆಯ ಮೇಲೆ ಕಲೆಯಿದ್ದರೂ ನೋಟದಲ್ಲಿ ಕಲೆಯಿರಲಿಲ್ಲ. ಆದುದರಿಂದಲೇ ಆ ಪಂಡಿತರ ಹೆಸರು ಮರೆತುಹೋಗಿ ಅವರ ಚಿತ್ರಗಳು ಉಳಿದಿವೆ.

ಅಂಡಾಕಾರದ ಚೌಕಟ್ಟಿನ ಸಂಗತಿಯೊಂದು ಉಳಿಯಿತು. ಪಟ ತೆಗೆದ ದಿನ ಒಬ್ಬ ಹುಡುಗಿಯು ಜ್ವರದಿಂದ ಮಲಗಿದ್ದಳು. ಅವಳನ್ನು ಬೇರೆಯಾಗಿ ತೆಗೆದು ಸಾಲಿನ ನಡುವೆ ಸೇರಿಸಿದರೆ ಯಾರಿಗೂ ತಿಳಿಯುವುದಿಲ್ಲವೆಂದು ಹೇಳಿದವರುಂಟು. ಇಂದಿನ ಉಪಕರಣಗಳಿಂದ ಅದು ಎರಡು ನಿಮಿಷದ ಕೆಲಸ. ಆದರೆ ನಮ್ಮ ಹಿರಿಯರು ಇಂಥ ಸಂದರ್ಭಕ್ಕೆ ಒಂದು ಪದ್ಧತಿಯನ್ನು ಬಿಟ್ಟುಹೋಗಿದ್ದಾರೆ. ಹಳೆಯ ಶಾಲೆಗಳ ಸಮೂಹಚಿತ್ರಗಳಲ್ಲಿ ಗೈರುಹಾಜರಾದವರ ಮುಖವು ಮೂಲೆಯಲ್ಲಿ, ಅಂಡಾಕಾರದ ಚೌಕಟ್ಟಿನಲ್ಲಿ ಇರುವುದನ್ನು ವಾಚಕರು ಕಂಡಿರಬಹುದು. “ಇವಳು ನಮ್ಮವಳು, ಆ ದಿನ ಬಂದಿರಲಿಲ್ಲ” ಎಂಬ ಎರಡು ಸತ್ಯಗಳನ್ನೂ ಆ ಚೌಕಟ್ಟು ಒಟ್ಟಿಗೆ ಹೇಳುತ್ತದೆ. ಇಂಗ್ಲೆಂಡಿನ ಹೆನ್ರಿ ಪೀಚ್ ರಾಬಿನ್ಸನ್ 1858ರಲ್ಲಿ ಐದು ನೆಗೆಟಿವುಗಳನ್ನು ಕೂಡಿಸಿ ಮರಣಶಯ್ಯೆಯ ಹುಡುಗಿಯೊಬ್ಬಳ ಚಿತ್ರವನ್ನು ಮಾಡಿದಾಗ, ತಾನು ಅದನ್ನು ಹೇಗೆ ಜೋಡಿಸಿದೆನೆಂಬುದನ್ನು ಮುಚ್ಚಿಡಲಿಲ್ಲ. ಕೂಡಿಸುವುದು ಅಪರಾಧವಲ್ಲ, ಕೂಡಿಸಿದ ಹೊಲಿಗೆಯನ್ನು ಬಚ್ಚಿಡುವುದು ಅಪರಾಧ.

ಕೊನೆಯದಾಗಿ, ಈ ಪಟವು ಯಾರಿಗಾಗಿ ಎಂಬುದನ್ನು ಯೋಚಿಸಬೇಕು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರ ಹಳೆಯ ಛಾಯಾಚಿತ್ರಗಳು ಸ್ವಿಟ್ಜರ್‌ಲೆಂಡಿನ ಬಾಸೆಲ್ ಪಟ್ಟಣದ ದಫ್ತರದಲ್ಲಿ ಇಂದಿಗೂ ರಕ್ಷಿತವಾಗಿವೆ. ನಮ್ಮ ಸೀಮೆಯ ಶಾಲೆಗಳನ್ನೂ ಕಾರ್ಖಾನೆಗಳನ್ನೂ ಸಂಸಾರಗಳನ್ನೂ ಅವುಗಳಲ್ಲಿ ನೋಡಬಹುದು. ಅನೇಕ ಮುಖಗಳಿಗೆ ಹೆಸರಿಲ್ಲ. ಆದರೂ ನೋಡುವವರು ಆ ಕಣ್ಣನ್ನು, ಆ ಸೀರೆಯ ಉಡುಗೆಯನ್ನು, ಆ ನಿಂತ ರೀತಿಯನ್ನು ನೋಡಿ, ನಮ್ಮ ಅಜ್ಜಿಯ ಅಜ್ಜಿ ಹೀಗಿದ್ದಿರಬಹುದೆಂದು ಊಹಿಸಿಕೊಳ್ಳುತ್ತಾರೆ. ಈ ಸಂಚಿಕೆಯನ್ನೂ ಐವತ್ತು ವರ್ಷಗಳ ಮೇಲೆ ಯಾವುದೋ ಪೆಟ್ಟಿಗೆಯಿಂದ ಮೊಮ್ಮಗಳೊಬ್ಬಳು ತೆಗೆದು ನೋಡುವಳು. ಆಗ ಅವಳಿಗೆ ತನ್ನದೇ ಬಣ್ಣ, ತನ್ನದೇ ಗಲ್ಲದ ಮಚ್ಚೆ ಆ ಸಾಲಿನಲ್ಲಿ ಕಾಣಬೇಕು. ಹತ್ತು ಆಜ್ಞೆಗಳಲ್ಲಿ ಸುಳ್ಳುಸಾಕ್ಷಿಯನ್ನು ನಿಷೇಧಿಸುವ ಆಜ್ಞೆಯೊಂದುಂಟು. ಪಟವೂ ಒಂದು ಸಾಕ್ಷಿಯೇ.

ಕೆಮರಾ ಹಿಡಿಯುವ ನಮ್ಮ ಪ್ರಿಯ ವಿದ್ಯಾರ್ಥಿನಿಯರಿಗೆ ನಾವು ಹೇಳುವುದಿಷ್ಟೆ. ತೆಗೆಯುವಾಗ ಹೆಚ್ಚು ಶ್ರಮಪಡಿರಿ, ತಿದ್ದುವಾಗ ಕಡಮೆ ಕೈ ಹಾಕಿರಿ. ನಿಮ್ಮ ಕೈಫೋನಿನಲ್ಲಿ ಮುಖವನ್ನು ತಾನಾಗಿ ಬೆಳ್ಳಗೆ ಮಾಡುವ ಏರ್ಪಾಡು ಇದ್ದರೆ ಅದನ್ನು ಮೊದಲು ನಿಲ್ಲಿಸಿರಿ. ತಿದ್ದಿದ ಪಟವನ್ನು ಪ್ರಿಂಟು ಮಾಡಿಸುವ ಮುನ್ನ ಅದರಲ್ಲಿರುವವಳ ಕೈಯಲ್ಲಿ ಕೊಟ್ಟು ತೋರಿಸಿರಿ. ಎರಡನೆಯ ಸಾಲಿನ ಆ ಹುಡುಗಿಗೆ ನಾವು ಈ ಹೊಸ ಪಟವನ್ನು ಹಾಗೆಯೇ ಕೊಟ್ಟೆವು. ಈ ಸಲ ಅವಳು ಹುಡುಕಲಿಲ್ಲ. ನೋಡಿದ ಕೂಡಲೆ ನಕ್ಕು, “ಟೀಚರ್, ನನ್ನ ಕಾಲರು ಮಡಚಿಕೊಂಡಿದೆ” ಎಂದಳು. ಅದನ್ನು ನಾವು ತಿದ್ದಲಿಲ್ಲ, ಹಾಗೆಯೇ ಅಚ್ಚಾಗಿದೆ.